ಬೆಳಕು ಮತ್ತು ಮೂಳೆ

ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡರು. ವೈದ್ಯರು ಕ್ಷ-ಕಿರಣದ ಚಿತ್ರ ತೆಗೆಸಿ, ಪ್ಲಾಸ್ಟರ್ ಕಟ್ಟು ಹಾಕಿ, ಆರು ವಾರ ಕೈ ಅಲುಗಿಸಕೂಡದೆಂದು ಹೇಳಿ ಕಳುಹಿಸಿದರು. ಮೂರನೆಯ ವಾರಕ್ಕೇ ಅಜ್ಜಿಗೆ ಬೇಸರ ಬಂತು. ಅಷ್ಟರಲ್ಲಿ ನೋಡಲು ಬಂದ ನೆಂಟರೊಬ್ಬರು, ಲೇಸರ್ ಎಂಬ ಕೆಂಪು ಬೆಳಕನ್ನು ಹಿಡಿದು ಮೂಳೆ ಬೆಳೆಸುವವರಿದ್ದಾರೆ, ಹತ್ತು ಸಲ ಹೋಗಿ ಬಂದರೆ ಸಾಕು, ಖರ್ಚು ಮಾತ್ರ ಸ್ವಲ್ಪ ಹೆಚ್ಚು ಎಂದು ಹೇಳಿ ಹೋದರು. ಸಂಜೆ ನಾನು ವಿಚಾರಿಸಲು ಹೋದಾಗ ಅಜ್ಜಿ ಕೇಳಿದರು: "ಏನಪ್ಪಾ, ನೀನು ನಾಲ್ಕಕ್ಷರ ಓದಿದವನು. ಎಳೆಬಿಸಿಲು ಮೈಗೆ ಒಳ್ಳೇದು ಅಂತ ನಮ್ಮಮ್ಮ ಹೇಳ್ತಿದ್ದಳು, ಅದು ಸರಿ. ದೀಪ ಹಿಡಿದರೆ ಮೂಳೆ ಬೆಳೀತದೇನು?"

ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆ. ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಏಕೆಂದರೆ ಈ ಪ್ರಶ್ನೆಯ ಹಿಂದೆ ಹೆಚ್ಚು ಕಡಿಮೆ ಮುನ್ನೂರು ವರ್ಷಗಳ ಕಥೆಯಿದೆ. ಆ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಉತ್ತರವನ್ನು ವಾಚಕರೇ ತೂಗಿ ನೋಡಬಹುದು.

ಮೂಳೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಒಣಗಿದ, ಬಿಳಿಯ, ಜೀವವಿಲ್ಲದ ವಸ್ತು. ಮನೆಗೆ ಕಂಬ ತೊಲೆಗಳಿದ್ದಂತೆ ದೇಹಕ್ಕೆ ಮೂಳೆ ಎಂದು ನಾವು ಭಾವಿಸುತ್ತೇವೆ. ಈ ಭಾವನೆ ಸರಿಯಲ್ಲವೆಂಬುದು ತಿಳಿದದ್ದು ಒಂದು ಔತಣದ ಎಲೆಯಲ್ಲಿ. ಲಂಡನ್ನಿನಲ್ಲಿ ಜಾನ್ ಬೆಲ್ಚಿಯರ್ ಎಂಬ ಶಸ್ತ್ರವೈದ್ಯನಿದ್ದ. ಚೀಟಿಬಟ್ಟೆಗೆ ಬಣ್ಣ ಹಾಕಿ ಅಚ್ಚು ಹಾಕುವ ವ್ಯಾಪಾರಿಯೊಬ್ಬನ ಮನೆಗೆ ಅವನು ಊಟಕ್ಕೆ ಹೋದಾಗ, ಬಡಿಸಿದ ಹಂದಿಮಾಂಸದ ಮೂಳೆಗಳು ಕೆಂಪಗಿದ್ದುದನ್ನು ಕಂಡ. ವಿಚಾರಿಸಲಾಗಿ, ಬಣ್ಣದ ಕೆಲಸದಲ್ಲಿ ಉಳಿದ ಮ್ಯಾಡರ್ ಬೇರಿನ ತೌಡನ್ನು ಹಂದಿಗಳಿಗೆ ಹಾಕುತ್ತಿದ್ದರೆಂದು ತಿಳಿಯಿತು. ಈ ಮ್ಯಾಡರ್, ನಮ್ಮ ಮಂಜಿಷ್ಠದ ಹತ್ತಿರದ ಬಂಧು. 1736ರಲ್ಲಿ ಬೆಲ್ಚಿಯರ್ ಈ ಸಂಗತಿಯನ್ನು ಪ್ರಕಟಿಸಿದ. ಅದನ್ನು ಓದಿದ ಫ್ರಾನ್ಸಿನ ದ್ಯುಹಾಮೆಲ್, ಪ್ರಾಣಿಗಳಿಗೆ ಕೆಲವು ಕಾಲ ಮ್ಯಾಡರ್ ತಿನ್ನಿಸಿ, ಕೆಲವು ಕಾಲ ನಿಲ್ಲಿಸಿ, ಮತ್ತೆ ತಿನ್ನಿಸಿ ಪರೀಕ್ಷಿಸಿದ. ಮೂಳೆಯನ್ನು ಅಡ್ಡಲಾಗಿ ಕೊಯ್ದಾಗ ಕೆಂಪು, ಬಿಳಿ, ಕೆಂಪು ಎಂದು ಮರದ ವರ್ಷಬಳೆಗಳಂತೆ ಪದರಗಳು ಕಂಡವು. ತಿಂದ ಆಹಾರ ಮೂಳೆಯವರೆಗೆ ಹೋಗುತ್ತದೆ, ಮೂಳೆ ಪದರ ಪದರವಾಗಿ ಬೆಳೆಯುತ್ತದೆ ಎಂಬುದು ಇದರಿಂದ ಸ್ಥಿರಪಟ್ಟಿತು.

ಅನಂತರದ ಕಾಲದಲ್ಲಿ ಸೂಕ್ಷ್ಮದರ್ಶಕವು ಮೂಳೆಯೊಳಗಿನ ಕೆಲಸಗಾರರನ್ನೂ ತೋರಿಸಿಕೊಟ್ಟಿತು. ಇವರಲ್ಲಿ ಮುಖ್ಯವಾಗಿ ಮೂರು ವರ್ಗ. ಆಸ್ಟಿಯೋಬ್ಲಾಸ್ಟ್ ಎಂಬ ಜೀವಕಣಗಳು ಮೊದಲು ನಾರಿನಂಥ ಹಂದರವನ್ನು ಹೆಣೆದು, ಅದರ ಮೇಲೆ ಸುಣ್ಣ ರಂಜಕಗಳ ಲವಣವನ್ನು ಕೂರಿಸುತ್ತವೆ. ಇವು ಕಟ್ಟುವ ಕಣಗಳು. ಆಸ್ಟಿಯೋಕ್ಲಾಸ್ಟ್ ಎಂಬುವು ಹಳೆಯ ಮೂಳೆಯನ್ನು ಕರಗಿಸಿ ತೆಗೆಯುತ್ತವೆ. ಇವು ಕೆಡಹುವ ಕಣಗಳು. ಕಟ್ಟುವ ಕೆಲಸ ಮುಗಿಸಿ ಗೋಡೆಯೊಳಗೇ ನೆಲೆನಿಂತವು ಆಸ್ಟಿಯೋಸೈಟ್‌ಗಳು. ಎಲ್ಲಿ ಭಾರ ಹೆಚ್ಚಾಯಿತು, ಎಲ್ಲಿ ಬಿರುಕು ಬಿಟ್ಟಿತು ಎಂಬ ಸುದ್ದಿಯನ್ನು ಇವು ಮುಟ್ಟಿಸುತ್ತವೆ. ಕಟ್ಟುವುದೂ ಕೆಡಹುವುದೂ ನಮ್ಮ ದೇಹದಲ್ಲಿ ಹಗಲಿರುಳು ನಡೆಯುತ್ತಲೇ ಇರುತ್ತದೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತರಲ್ಲೊಂದು ಭಾಗ ಪ್ರತಿವರ್ಷವೂ ಹೊಸದಾಗುತ್ತದೆಂದು ಲೆಕ್ಕ. ಮುದಿತನದಲ್ಲಿ ಕೆಡಹುವವರ ಕೈ ಮೇಲಾಗಿ ಕಟ್ಟುವವರು ಹಿಂದೆ ಬೀಳುತ್ತಾರೆ. ಅಜ್ಜಿಯರ ಮೂಳೆ ಸುಲಭವಾಗಿ ಮುರಿಯುವುದೂ ನಿಧಾನವಾಗಿ ಕೂಡುವುದೂ ಇದರಿಂದಲೇ. ಆದುದರಿಂದ, ಕಟ್ಟುವ ಕಣಗಳನ್ನು ಹುರಿದುಂಬಿಸುವ ಉಪಾಯವೊಂದು ಸಿಕ್ಕರೆ ಅದರಿಂದ ಲಕ್ಷಾಂತರ ಜನರಿಗೆ ಉಪಕಾರವಾಗುವುದರಲ್ಲಿ ಸಂದೇಹವಿಲ್ಲ.

ಇನ್ನು ಬೆಳಕಿನ ಕಡೆಗೆ ತಿರುಗೋಣ. ಬಿಸಿಲಿನಿಂದ ಆರೋಗ್ಯವೆಂಬ ಮಾತು ಎಲ್ಲ ದೇಶಗಳಲ್ಲೂ ಹಳೆಯದು. ಆದರೆ ದೀಪದ ಬೆಳಕನ್ನು ಔಷಧದಂತೆ ಅಳೆದು ಬಳಸಿದ ಕೀರ್ತಿ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ ಸಲ್ಲಬೇಕು. ಮುಖದ ಚರ್ಮವನ್ನು ತಿಂದುಹಾಕುತ್ತಿದ್ದ ಒಂದು ಬಗೆಯ ಕ್ಷಯವನ್ನು ಆತ ಇದ್ದಿಲ ಕಡ್ಡಿಗಳ ನಡುವೆ ಉರಿಯುವ ವಿದ್ಯುದ್ದೀಪದ ಬೆಳಕಿನಿಂದ ವಾಸಿಮಾಡಿ ತೋರಿಸಿದ. 1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆತನ ಬೆಳಕಿನ ಚಿಕಿತ್ಸಾಲಯ ಸ್ಥಾಪನೆಯಾಯಿತು. 1903ರಲ್ಲಿ ನೊಬೆಲ್ ಪಾರಿತೋಷಕ ಬಂತು. ತಾನೇ ದೀರ್ಘ ರೋಗಿಯಾಗಿದ್ದ ಫಿನ್ಸೆನ್ ಮರುವರ್ಷವೇ, ತನ್ನ 43ನೆಯ ವಯಸ್ಸಿನಲ್ಲಿ ತೀರಿಕೊಂಡ. ಅತಿನೇರಳೆ ಕಿರಣಗಳಲ್ಲಿಯೇ ಗುಣಪಡಿಸುವ ಶಕ್ತಿಯಿತ್ತೆಂದು ಆಗ ಎಲ್ಲರೂ ನಂಬಿದ್ದರು. ಒಂದು ಶತಮಾನ ಕಳೆದ ಮೇಲೆ, 2005ರಲ್ಲಿ, ಡೆನ್ಮಾರ್ಕಿನ ವಿಜ್ಞಾನಿಗಳು ಅವನ ಹಳೆಯ ಮಸೂರಗಳನ್ನೇ ಪರೀಕ್ಷಿಸಿ ನೋಡಲಾಗಿ, ಅವು ಆ ಕಿರಣಗಳ ಬಹುಭಾಗವನ್ನು ತಡೆದುಬಿಡುತ್ತಿದ್ದವೆಂದು ಕಂಡುಬಂತು. ಬಹುಶಃ ರೋಗಾಣುಗಳಲ್ಲಿರುವ ಬಣ್ಣದ ದ್ರವ್ಯವೊಂದು ನೀಲಿ-ನೇರಳೆ ಬೆಳಕನ್ನು ಹೀರಿ ಆ ಅಣುಗಳನ್ನೇ ಕೊಂದಿರಬೇಕು. ಗುಣವಾದದ್ದು ನಿಜ, ಹೇಳಿದ ಕಾರಣ ಮಾತ್ರ ಬೇರೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಬೆಳಕಿನಿಂದ ಮೂಳೆಗೆ ಉಪಕಾರವಾದ ಮೊದಲ ಸ್ಪಷ್ಟ ನಿದರ್ಶನ ಬರ್ಲಿನ್ ನಗರದ್ದು. ಮೊದಲನೆಯ ಮಹಾಯುದ್ಧ ಮುಗಿದ ಚಳಿಗಾಲ. ಊರಲ್ಲಿ ಅನ್ನವಿಲ್ಲ, ಆಕಾಶದಲ್ಲಿ ಬಿಸಿಲಿಲ್ಲ. ಮಕ್ಕಳ ಮೂಳೆಗಳು ಮೆತ್ತಗಾಗಿ ಕಾಲುಗಳು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗ ಮನೆಮನೆಯಲ್ಲೂ ಇತ್ತು. ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯ ಇಂಥ ನಾಲ್ಕು ಮಕ್ಕಳನ್ನು ಪಾದರಸದ ದೀಪದ ಅತಿನೇರಳೆ ಬೆಳಕಿನ ಮುಂದೆ ಕೂರಿಸಿದ. ಕೆಲವು ವಾರಗಳಲ್ಲಿ ಮೂಳೆಯಲ್ಲಿ ಸುಣ್ಣ ತುಂಬಿಕೊಂಡದ್ದು ಕ್ಷ-ಕಿರಣದ ಚಿತ್ರಗಳಲ್ಲಿ ಕಾಣಿಸಿತು. 1919ರಲ್ಲಿ ಇದನ್ನು ಪ್ರಕಟಿಸಿದ. ಇನ್ನೊಂದು ಸಂಗತಿಯನ್ನೂ ಆತ ಗಮನಿಸಿದ: ಒಂದು ತೋಳಿಗೆ ಮಾತ್ರ ಬೆಳಕು ಬಿಟ್ಟರೂ ಎರಡು ತೋಳುಗಳ ಮೂಳೆಗಳೂ ಗಟ್ಟಿಯಾಗುತ್ತಿದ್ದವು! ಎಂದಮೇಲೆ ಬೆಳಕು ನೇರವಾಗಿ ಮೂಳೆಯನ್ನು ಮುಟ್ಟಿರಲಿಲ್ಲ. ಅದು ಚರ್ಮದಲ್ಲಿ ಯಾವುದೋ ದ್ರವ್ಯವನ್ನು ಹುಟ್ಟಿಸಿ, ಆ ದ್ರವ್ಯ ರಕ್ತದ ಮೂಲಕ ಮೈಯೆಲ್ಲ ಸಂಚರಿಸಿತ್ತು. ಅದೇ ಇಂದು ಮನೆಮಾತಾಗಿರುವ ಡಿ ಜೀವಸತ್ತ್ವ. ಅಜ್ಜಿಯ ತಾಯಿ ಹೇಳಿದ ಎಳೆಬಿಸಿಲಿನ ಮಾತಿಗೆ ಶಾಸ್ತ್ರದ ಆಧಾರ ಹೀಗೆ ದೊರಕಿತು.

ಆದರೆ ಲೇಸರಿನವರು ಹೇಳುವುದು ಬೇರೆ ಮಾತು. ಚರ್ಮದಲ್ಲಿ ದ್ರವ್ಯ ಹುಟ್ಟಿಸುವ ಸುತ್ತುದಾರಿ ಬೇಡ, ಬೆಳಕು ನೇರವಾಗಿ ಜೀವಕಣದೊಳಕ್ಕೇ ಹೋಗಿ ಅದನ್ನು ಚುರುಕುಗೊಳಿಸುತ್ತದೆ ಎಂಬುದು ಅವರ ವಾದ. ಈ ವಾದ ಹುಟ್ಟಿದ ರೀತಿಯೇ ವಿಚಿತ್ರವಾದದ್ದು.

ಲೇಸರಿನ ತತ್ತ್ವವನ್ನು ಐನ್‌ಸ್ಟೈನ್ 1917ರಲ್ಲಿಯೇ ಸೂಚಿಸಿದ್ದರೂ, ಮೊದಲನೆಯ ಲೇಸರ್ ಬೆಳಗಿದ್ದು 1960ರ ಮೇ 16ರಂದು, ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ. ಥಿಯೊಡೋರ್ ಮೈಮನ್ ಎಂಬಾತ ಮಾಣಿಕ್ಯದ ಸಣ್ಣ ಕಡ್ಡಿಯೊಂದರ ಸುತ್ತ ಮಿಂಚುದೀಪ ಸುತ್ತಿಸಿ ಅದನ್ನು ಸಾಧಿಸಿದ. ಸಾಮಾನ್ಯ ದೀಪದ ಬೆಳಕು ಜಾತ್ರೆಯ ಜನಸಂದಣಿಯಂತೆ: ಬಗೆಬಗೆಯ ಬಣ್ಣ, ಎತ್ತೆತ್ತಲೋ ನಡಿಗೆ. ಲೇಸರಿನ ಬೆಳಕು ಸಿಪಾಯಿಗಳ ಸಾಲಿನಂತೆ: ಒಂದೇ ಬಣ್ಣ, ಒಂದೇ ದಿಕ್ಕು, ಒಂದೇ ತಾಳದ ಹೆಜ್ಜೆ. ಹೀಗಾಗಿ ಅದನ್ನು ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸಬಹುದು. 1961ರ ಡಿಸೆಂಬರಿನಲ್ಲಿಯೇ ನ್ಯೂಯಾರ್ಕಿನ ವೈದ್ಯರು ರೋಗಿಯೊಬ್ಬರ ಕಣ್ಣಿನೊಳಗಿನ ಗೆಡ್ಡೆಯನ್ನು ಇದರಿಂದ ಸುಟ್ಟರು. 1964ರಲ್ಲಿ, ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ಸಿ. ಕೆ. ಎನ್. ಪಟೇಲರು ಇಂಗಾಲಾಮ್ಲದ ಲೇಸರನ್ನು ರಚಿಸಿದರು. ಮುಂದೆ ಅದು ಶಸ್ತ್ರವೈದ್ಯರ ಕೈಯಲ್ಲಿ ರಕ್ತ ಸೋರದಂತೆ ಕೊಯ್ಯುವ ಕತ್ತಿಯಾಯಿತು. ಲೇಸರೆಂದರೆ ಸುಡುವ ವಸ್ತು, ಕೊಯ್ಯುವ ವಸ್ತು ಎಂದೇ ಆಗಿನವರ ಎಣಿಕೆ.

ಹಂಗೆರಿ ದೇಶದ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ಶಸ್ತ್ರವೈದ್ಯ ಪ್ರಾಧ್ಯಾಪಕನಿದ್ದ. ಬಾಸ್ಟನ್ನಿನ ಪಾಲ್ ಮೆಕ್‌ಗಫ್ ಎಂಬ ವೈದ್ಯ ಮಾಣಿಕ್ಯದ ಲೇಸರಿನಿಂದ ಪ್ರಾಣಿಗಳ ಗೆಡ್ಡೆಗಳನ್ನು ನಾಶಮಾಡಿದ ಸುದ್ದಿ ತಿಳಿದು, ತಾನೂ ಅದೇ ಪ್ರಯೋಗಕ್ಕೆ ಕೈಹಾಕಿದ. ಇಲಿಗಳ ಬೆನ್ನಿನ ರೋಮ ಬೋಳಿಸಿ, ಗೆಡ್ಡೆಯ ಕಣಗಳನ್ನು ನಾಟಿ, ಲೇಸರ್ ಬಿಟ್ಟ. ಗೆಡ್ಡೆ ಹೋಗಲಿಲ್ಲ. ಅವನ ಯಂತ್ರದ ಶಕ್ತಿ ಮೆಕ್‌ಗಫ್‌ನ ಯಂತ್ರಕ್ಕಿಂತ ಬಹಳ ಕಡಿಮೆಯಿತ್ತು. ಪ್ರಯೋಗ ಕೆಟ್ಟಿತೆಂದು ಕೈಬಿಡುವುದು ಸಹಜವಾಗಿತ್ತು. ಆದರೆ ಮೆಸ್ಟರನ ಕಣ್ಣು ಇನ್ನೊಂದನ್ನು ಕಂಡಿತು: ಬೆಳಕು ಬಿದ್ದ ಇಲಿಗಳ ಬೋಳಿಸಿದ ಬೆನ್ನಿನ ಮೇಲೆ ರೋಮ ಬೇಗ ಬೇಗ ಚಿಗುರಿತ್ತು. 1968ರಲ್ಲಿ ಇದನ್ನು ಪ್ರಕಟಿಸಿದ. ಸುಡುವಷ್ಟು ಬಲವಿಲ್ಲದ ಬೆಳಕು ಬೆಳೆಸುತ್ತದೆಯೇ? ಈ ಪ್ರಶ್ನೆಯನ್ನು ಹಿಡಿದು ಆತ ಗಾಯಗಳನ್ನು ಪರೀಕ್ಷಿಸಿದ. ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣುಗಳಿದ್ದ ರೋಗಿಗಳಿಗೂ ಪ್ರಯೋಗಿಸಿದ. ಅಳೆದರೆ ಒಂದು ವಾಟಿನ ಸಾವಿರದ ಕೆಲವು ಭಾಗಗಳಿಂದ ಹಿಡಿದು ಅರ್ಧ ವಾಟಿನವರೆಗಿನ ಶಕ್ತಿಯ, ಮೈಗೆ ಬಿಸಿಯೂ ತಾಗದ ಈ ಬೆಳಕಿನ ಉಪಚಾರಕ್ಕೆ ಅಲ್ಪಬಲದ ಲೇಸರ್ ಚಿಕಿತ್ಸೆಯೆಂದು ಹೆಸರಾಯಿತು.

ಚರ್ಮಕ್ಕೆ ಆದದ್ದು ಮೂಳೆಗೆ ಏಕಾಗಬಾರದು ಎಂದು ಕೇಳುವವರು ಬೇಗನೆ ಹುಟ್ಟಿಕೊಂಡರು. 1987ರಲ್ಲಿ ಸ್ಪೇನಿನ ಟ್ರೆಲೆಸ್ ಮತ್ತು ಮಯಾಯೊ ಎಂಬುವರು ಇಲಿಗಳ ಮುರಿದ ಮೂಳೆಯ ಮೇಲೆ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕನ್ನು ಬಿಟ್ಟು, ಮೂಳೆ ಬೇಗ ಕೂಡಿತೆಂದು ವರದಿ ಮಾಡಿದರು. ಅದಕ್ಕಿಂತಲೂ ಎಚ್ಚರಿಕೆಯ ಕೆಲಸ ಮಾಡಿದವರು ಜಪಾನಿನ ದಂತವೈದ್ಯ ವಿಜ್ಞಾನಿಗಳು. 1997ರಲ್ಲಿ ಸೈಟೊ ಮತ್ತು ಶಿಮಿಜು, ಇಲಿಗಳ ಅಂಗಳಿನ ನಡುಗೆರೆಯನ್ನು ತಂತಿಯಿಂದ ಅಗಲಿಸಿ, ಆ ಸಂದಿನಲ್ಲಿ ಹೊಸ ಮೂಳೆ ತುಂಬಿಕೊಳ್ಳುವುದನ್ನು ಅಳೆದರು. ಲೇಸರ್ ಪಡೆದ ಇಲಿಗಳಲ್ಲಿ ಹೊಸ ಮೂಳೆ 1.2ರಿಂದ 1.4 ಪಾಲು ಹೆಚ್ಚಾಗಿತ್ತು. ಮರುವರ್ಷ ಓಜಾವಾ ಮತ್ತು ಸಂಗಡಿಗರು ಪ್ರಾಣಿಯನ್ನು ಬಿಟ್ಟು ನೇರವಾಗಿ ಕಣಗಳನ್ನೇ ಹಿಡಿದರು. ಇಲಿಯ ಭ್ರೂಣದ ತಲೆಬುರುಡೆಯಿಂದ ತೆಗೆದ ಮೂಳೆಕಣಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಕಣ್ಣಿಗೆ ಕಾಣದ 830 ನ್ಯಾನೋಮೀಟರಿನ ಅವಕೆಂಪು ಲೇಸರನ್ನು ಬಿಟ್ಟರು. ಕಣಗಳ ಸಂಖ್ಯೆ ಹೆಚ್ಚಿತು. ಮೂಳೆ ಕಟ್ಟುವಾಗ ಕಣಗಳು ಹೊರಪಡಿಸುವ ಕಿಣ್ವ ಹೆಚ್ಚಿತು. ತಟ್ಟೆಯ ತಳದಲ್ಲಿ ಸುಣ್ಣದ ಸಣ್ಣ ಗಂಟುಗಳು ಹೆಚ್ಚಾಗಿ ಕಾಣಿಸಿದವು.

ಈ ಎರಡು ಪ್ರಯೋಗಗಳಲ್ಲೂ ಒಂದು ಸ್ವಾರಸ್ಯವಿದೆ. ಆರಂಭದ ದಿನಗಳಲ್ಲಿ ಬೆಳಕು ಬಿಟ್ಟಾಗ ಮಾತ್ರ ಫಲ ಕಂಡಿತು. ಕಣಗಳು ಬಲಿತ ಮೇಲೆ, ಮೂಳೆಯ ಕೆಲಸ ಮುಂದುವರಿದ ಮೇಲೆ ಬಿಟ್ಟ ಬೆಳಕು ವ್ಯರ್ಥವಾಯಿತು. ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೈರು ಎಳೆಯದಾಗಿರುವಾಗ ಬಿದ್ದ ಹದಮಳೆ ಬೇರೆ, ತೆನೆ ಒಣಗಿ ಕೊಯ್ಲಿಗೆ ನಿಂತಾಗ ಬಿದ್ದ ಮಳೆ ಬೇರೆ. ಬೆಳಕಿನ ಪ್ರಮಾಣದ ವಿಷಯವೂ ಹಾಗೆಯೇ: ಕಡಿಮೆಯಾದರೆ ಪ್ರಯೋಜನವಿಲ್ಲ, ಮಿತಿಮೀರಿದರೆ ಕಣಗಳ ಬೆಳವಣಿಗೆ ಹೆಚ್ಚುವ ಬದಲು ಕುಗ್ಗುತ್ತದೆ. ಇನ್ನೊಂದು ಮಾತು: 2000ದಲ್ಲಿ ಕಾವಾಸಾಕಿ ಮತ್ತು ಶಿಮಿಜು ಲೇಸರಿನಿಂದ ಇಲಿಯ ಹಲ್ಲನ್ನು ಸರಿಸುವ ಕೆಲಸ ಸುಮಾರು 1.3 ಪಾಲು ತ್ವರಿತವಾಯಿತೆಂದು ತೋರಿಸಿದಾಗ, ಒಂದು ಪಕ್ಕದಲ್ಲಿ ಕಟ್ಟುವ ಕೆಲಸವೂ ಇನ್ನೊಂದು ಪಕ್ಕದಲ್ಲಿ ಕೆಡಹುವ ಕಣಗಳ ಸಂಖ್ಯೆಯೂ ಹೆಚ್ಚಿದ್ದವು. ಎಂದರೆ ಈ ಬೆಳಕಿಗೆ ಕಟ್ಟುವವರ ಮೇಲೆ ಮಾತ್ರ ಪಕ್ಷಪಾತವಿಲ್ಲ.

ಬೆಳಕು ಕಣದೊಳಗೆ ಮಾಡುವುದೇನು? ಪ್ರತಿಯೊಂದು ಜೀವಕಣದಲ್ಲೂ ಮೈಟೊಕಾಂಡ್ರಿಯ ಎಂಬ ಸಣ್ಣ ಒಲೆಗಳಿವೆ. ತಿಂದ ಅನ್ನ ಅಲ್ಲಿ ಆಮ್ಲಜನಕದೊಡನೆ ಸೇರಿ ಶಕ್ತಿಯಾಗುತ್ತದೆ. ಆ ಒಲೆಯಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ, ತಾಮ್ರ ಕಬ್ಬಿಣಗಳಿಂದ ಕೂಡಿದ ಕಿಣ್ವವಿದೆ. ಅದು ಕೆಂಪು ಮತ್ತು ಅವಕೆಂಪು ಬೆಳಕನ್ನು ಹೀರಿ ಒಲೆಯನ್ನು ಚುರುಕುಮಾಡುತ್ತದೆಂದು ಸೋವಿಯತ್ ರಷ್ಯದ ವಿಜ್ಞಾನಿ ಟೀನಾ ಕಾರು ಎಂಬಾಕೆ ಪ್ರತಿಪಾದಿಸಿದಳು. ಬಹುಕಾಲ ಎಲ್ಲರೂ ಇದನ್ನೇ ಒಪ್ಪಿದ್ದರು. ಆದರೆ 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆ ಕಿಣ್ವವೇ ಇಲ್ಲದ ಕಣಗಳು ಕೂಡ ಕೆಂಪು ಬೆಳಕಿನಿಂದ ಹೆಚ್ಚು ವೃದ್ಧಿಯಾದವು. ಫಿನ್ಸೆನ್‌ನ ಮಸೂರದ ಕಥೆ ಇಲ್ಲಿ ನೆನಪಾಗದಿರದು.

ಇಷ್ಟನ್ನು ಕೇಳಿದವರು, ಹಾಗಾದರೆ ಅಜ್ಜಿ ಹೋಗಿಬರಲಿ ಎನ್ನಬಹುದು. ಸ್ವಲ್ಪ ತಾಳಬೇಕು. ನಾಣ್ಯದ ಇನ್ನೊಂದು ಮುಖವನ್ನೂ ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ. 1996ರಲ್ಲಿ ಡೇವಿಡ್ ಮತ್ತು ಸಂಗಡಿಗರು ಹೀಲಿಯಂ-ನಿಯಾನ್ ಲೇಸರನ್ನು ಇಲಿಗಳ ಮೂಳೆ ಮುರಿತಕ್ಕೆ ಪ್ರಯೋಗಿಸಿ, ಪ್ರಯೋಜನವೇನೂ ಕಾಣಲಿಲ್ಲವೆಂದು ತಿಳಿಸಿದರು. 2001ರಲ್ಲಿ ಕೂಂಬ್ ಮತ್ತು ಸಂಗಡಿಗರು ಮನುಷ್ಯರ ಮೂಳೆಗೆಡ್ಡೆಯಿಂದ ಬೆಳೆಸಿದ ಕಣಗಳಿಗೆ ಅದೇ 830 ನ್ಯಾನೋಮೀಟರಿನ ಬೆಳಕು ಬಿಟ್ಟರು. ಕಣಗಳ ಸಂಖ್ಯೆ ಹೆಚ್ಚಲಿಲ್ಲ. 2005ರಲ್ಲಿ ಸ್ಟೈನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಮನುಷ್ಯರ ಮೂಳೆಕಣಗಳು ಕೆಂಪು ಲೇಸರಿನಿಂದ ಹೆಚ್ಚಿದವು. ಒಬ್ಬೊಬ್ಬರ ಬೆಳಕಿನ ಬಣ್ಣ ಬೇರೆ, ಅಳತೆ ಬೇರೆ, ಕಣಗಳ ಜಾತಿ ಬೇರೆ, ವಯಸ್ಸು ಬೇರೆ. ಒಂದೇ ಸೇರಿನಲ್ಲಿ ಅಳೆಯದ ಧಾನ್ಯಗಳ ಲೆಕ್ಕ ಕೂಡುವುದೆಂತು?

ಇದಲ್ಲದೆ ತಟ್ಟೆಯ ಕಣಕ್ಕೂ ಮನುಷ್ಯನ ಮೂಳೆಗೂ ನಡುವೆ ದೂರವಿದೆ. ತಟ್ಟೆಯಲ್ಲಿ ಬೆಳಕಿಗೆ ಅಡ್ಡಿಯಿಲ್ಲ. ದೇಹದಲ್ಲಿ ಚರ್ಮದ ಬಣ್ಣ, ಕೊಬ್ಬು, ಸ್ನಾಯು, ರಕ್ತ ಎಲ್ಲವೂ ಬೆಳಕನ್ನು ಹೀರಿ ಚದುರಿಸುತ್ತವೆ. ಇಲಿಯ ಮೂಳೆ ಚರ್ಮದ ಕೆಳಗೇ ಇದೆ. ಮನುಷ್ಯನ ತೊಡೆಮೂಳೆ ದಪ್ಪ ಮಾಂಸದ ಆಳದಲ್ಲಿದೆ. ದಂತವೈದ್ಯರು ಈ ವಿಷಯದಲ್ಲಿ ಮುಂದಾದದ್ದು ಆಕಸ್ಮಿಕವಲ್ಲ. ದವಡೆಯ ಮೂಳೆಗೆ ತೆಳುವಾದ ವಸಡೊಂದೇ ಹೊದಿಕೆ. ಮಣಿಕಟ್ಟಿನ ಮೂಳೆಯೂ ಅಷ್ಟೇನೂ ಆಳದಲ್ಲಿಲ್ಲವೆನ್ನಿ. 2014ರಲ್ಲಿ ತೈವಾನಿನ ವೈದ್ಯರು ಕೈ ಮತ್ತು ಮಣಿಕಟ್ಟಿನ ಮೂಳೆ ಮುರಿದ 50 ಜನರನ್ನು ಎರಡು ಗುಂಪುಮಾಡಿ ಪರೀಕ್ಷಿಸಿದಾಗ, ಲೇಸರ್ ಪಡೆದವರಲ್ಲಿ ನೋವು ಹೆಚ್ಚಾಗಿ ತಗ್ಗಿತ್ತು. ಇದು ಸಂತೋಷದ ಸುದ್ದಿಯೇ. ಆದರೆ 50 ಜನರ ಸಾಕ್ಷ್ಯ ಊರಿಗೆಲ್ಲ ಸಾಲದು.

ಸಾಲದೆಂದು ಏಕೆ ಹೇಳುತ್ತೇನೆಂದರೆ, ಇದೇ ಬಗೆಯ ಇನ್ನೊಂದು ಉಪಾಯದ ಕಥೆ ನಮ್ಮ ಮುಂದಿದೆ. ಕಿವಿಗೆ ಕೇಳದ ಶಬ್ದತರಂಗಗಳಿಂದ ಮುರಿದ ಮೂಳೆ ಬೇಗ ಕೂಡುತ್ತದೆಂದು ಪ್ರಾಣಿಗಳಲ್ಲಿ, ಸಣ್ಣ ಗುಂಪಿನ ರೋಗಿಗಳಲ್ಲಿ ಕಂಡುಬಂದಿತ್ತು. 1994ರಲ್ಲಿ ಅಮೆರಿಕದ ಸರ್ಕಾರ ಆ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು, ಯಂತ್ರಗಳು ಖರ್ಚಾದವು. ಕೊನೆಗೆ 501 ಜನರನ್ನು ಕೂಡಿಸಿ, ಅರ್ಧದಷ್ಟು ಜನಕ್ಕೆ ನಿಜವಾದ ಯಂತ್ರವನ್ನೂ ಉಳಿದವರಿಗೆ ತರಂಗ ಬಿಡದ ಹುಸಿ ಯಂತ್ರವನ್ನೂ ಕೊಟ್ಟು, ಯಾರಿಗೆ ಯಾವುದೆಂಬುದನ್ನು ತಿಳಿಸದೆ ಪರೀಕ್ಷೆ ನಡೆಸಿದರು. ಕಾಲುಮೂಳೆ ಮುರಿದ ಆ ಜನರಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲವೆಂದು 2016ರಲ್ಲಿ ಪ್ರಕಟವಾಯಿತು. ಕಾಲ ಕಳೆದರೆ ಬಹುಪಾಲು ಮೂಳೆಗಳು ತಾವೇ ಕೂಡುತ್ತವೆ. ಕೂಡುವ ಹೊತ್ತಿಗೆ ಪಕ್ಕದಲ್ಲಿದ್ದ ಯಂತ್ರಕ್ಕೆ ಆ ಪುಣ್ಯ ಸಲ್ಲುತ್ತದೆ.

ಹಾಗೆಂದು ಅಲ್ಪಬಲದ ಲೇಸರನ್ನು ಬರಿಯ ಬೂಟಾಟಿಕೆಯೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಕ್ಯಾನ್ಸರಿನ ಚಿಕಿತ್ಸೆಯಿಂದ ಕೆಲವು ರೋಗಿಗಳ ಬಾಯಿಯೆಲ್ಲ ಹುಣ್ಣಾಗಿ ಗುಟುಕು ನೀರೂ ಇಳಿಯದಂತಾಗುತ್ತದೆ. ಅದನ್ನು ತಡೆಯಲು ಅಂಥವರಿಗೆ ಈ ಬೆಳಕನ್ನು ಕೊಡಬೇಕೆಂದು ಅಂತರರಾಷ್ಟ್ರೀಯ ತಜ್ಞರ ಮಂಡಲಿಯೇ ಸಲಹೆ ಮಾಡಿದೆ. ಅಲ್ಲಿ ಬಣ್ಣವೆಷ್ಟು, ಅಳತೆಯೆಷ್ಟು, ಯಾವಾಗ ಎಂಬುದು ಪರೀಕ್ಷೆಗಳಿಂದ ಗೊತ್ತಾಗಿದೆ. ಮೂಳೆಯ ವಿಷಯದಲ್ಲಿ ಆ ಗೊತ್ತುವಳಿ ಇನ್ನೂ ಆಗಬೇಕಾಗಿದೆ, ಅಷ್ಟೆ.

ಮರುದಿನ ಹೋಗಿ ಅಜ್ಜಿಗೆ ಇದನ್ನೆಲ್ಲ ಅವರಿಗೆ ಹಿಡಿಸುವಂತೆ ಹೇಳಿದೆ. ಗಾಜಿನ ತಟ್ಟೆಯಲ್ಲಿ ಮೂಳೆಯ ಕಣಗಳು ಬೆಳಕಿಗೆ ಚಿಗುರಿದ್ದು ಸುಳ್ಳಲ್ಲವೆಂದೂ, ನಿಮ್ಮ ಕೈಯ ಮೂಳೆ ಅದರಿಂದ ಬೇಗ ಕೂಡುತ್ತದೆಂದು ಯಾರೂ ಆಣೆ ಮಾಡಿ ಹೇಳಲಾರರೆಂದೂ ತಿಳಿಸಿದೆ. ಕಟ್ಟು ಹಾಕಿದ ವೈದ್ಯರನ್ನು ಕೇಳದೆ ಎಲ್ಲಿಗೂ ಹೋಗಬೇಡಿ, ಕಟ್ಟನ್ನಂತೂ ಬಿಚ್ಚಿಸಬೇಡಿ ಎಂದೂ ಹೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ವಾರ ಆಗಿಹೋಯಿತಲ್ಲಪ್ಪಾ. ನೀನೇ ಹೇಳಿದೆ, ಪೈರು ಬಲಿತ ಮೇಲೆ ಮಳೆ ಬಂದರೆ ಉಪಯೋಗವಿಲ್ಲ ಅಂತ" ಎಂದರು. ಆಮೇಲೆ ಮೊಮ್ಮಗಳನ್ನು ಕರೆದು, ಕುರ್ಚಿಯನ್ನು ಜಗಲಿಯ ಬಿಸಿಲಿಗೆ ಹಾಕು ಎಂದು ಹೇಳಿ, ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಮೆಲ್ಲನೆ ಎದ್ದರು.